ಸಂಪಾದಕರ ಉತ್ತರ: ಸೌರ ಫಲಕಕ್ಕೆ ಕಟ್ಟಡದಲ್ಲಿ ಎಲ್ಲಿ ಜಾಗ?

ಮಾನ್ಯರೇ,

ಶಹಾಪುರದಿಂದ ತಾವು ಬರೆದ ಪತ್ರ ತಲುಪಿತು. ತಮ್ಮ ಭಾಗದಲ್ಲಿ ಕಟ್ಟಲು ಹೊರಟಿರುವ ಸಾರ್ವಜನಿಕ ಗ್ರಂಥಾಲಯದ ನಕ್ಷೆಯಲ್ಲಿ ಸೌರ ಫಲಕಗಳ ಸುಳಿವೇ ಇಲ್ಲವೆಂದೂ, ವಿಚಾರಿಸಿದರೆ ‘ಮೊದಲು ಕಟ್ಟಡ ಮುಗಿಯಲಿ, ಆಮೇಲೆ ಮಾಳಿಗೆ ಮೇಲೆ ಕೂಡಿಸೋಣ’ ಎಂದರೆಂದೂ ತಿಳಿಸಿದ್ದೀರಿ. ವಿದೇಶಗಳಲ್ಲಿ ಗೋಡೆಯೇ ವಿದ್ಯುತ್ ಕೊಡುವಾಗ ನಮ್ಮಲ್ಲೇಕೆ ಆಗದು ಎಂಬುದು ತಮ್ಮ ಪ್ರಶ್ನೆ. ‘ಆಮೇಲೆ’ ಎಂಬ ಮಾತಿಗೆ ತಾವು ತೆಗೆದ ತಕರಾರು ನೂರಕ್ಕೆ ನೂರು ಸರಿ. ಗೋಡೆಯ ವಿಚಾರದಲ್ಲಿ ಮಾತ್ರ ನನ್ನ ಅಭಿಪ್ರಾಯ ಬೇರೆ.

ಜರ್ಮನಿಯ ಹೆರ್ನೆ ಪಟ್ಟಣದಲ್ಲಿ, ಹಳೆಯ ಕಲ್ಲಿದ್ದಲು ಗಣಿಯಿದ್ದ ಜಾಗದಲ್ಲಿ, 1999ರಲ್ಲಿ ಮುಗಿದ ಮೋಂಟ್ ಸೆನಿ ಅಕಾಡೆಮಿಯ ಗಾಜಿನ ಚಾವಣಿಯಲ್ಲಿಯೂ ಗೋಡೆಯಲ್ಲಿಯೂ ಫಲಕಗಳನ್ನೇ ಹೆಣೆದಿದ್ದಾರೆ. ಆದರೆ ಆ ಊರಿರುವುದು 51 ಡಿಗ್ರಿ ಅಕ್ಷಾಂಶದಲ್ಲಿ. ಅಲ್ಲಿ ಮಧ್ಯಾಹ್ನದ ಸೂರ್ಯ ವರ್ಷವಿಡೀ ದಕ್ಷಿಣಕ್ಕೆ ವಾಲಿಕೊಂಡೇ ಇರುವುದರಿಂದ ದಕ್ಷಿಣದ ಗೋಡೆಗೆ ಬಿಸಿಲು ಎದುರಾಗಿಯೇ ಬೀಳುತ್ತದೆ. ನಾವಿರುವುದು 17 ಡಿಗ್ರಿಯ ಆಸುಪಾಸಿನಲ್ಲಿ. ಮೇ ತಿಂಗಳ ಆರಂಭದ ಒಂದು ದಿನ ನಡುಮಧ್ಯಾಹ್ನ ಸೂರ್ಯ ನೆತ್ತಿಯ ಮೇಲೆ ಬಂದು, ಕಂಬದ ನೆರಳು ಕಂಬದ ಬುಡದಲ್ಲೇ ಅಡಗುತ್ತದೆ. ಅಲ್ಲಿಂದ ಆಗಸ್ಟ್ ಮೊದಲ ವಾರದವರೆಗೆ ಸೂರ್ಯ ನಮಗೆ ಉತ್ತರದಲ್ಲೇ ಸಾಗುವುದರಿಂದ ದಕ್ಷಿಣದ ಗೋಡೆಗೆ ನೇರ ಬಿಸಿಲು ಸೋಕುವುದೇ ಇಲ್ಲ. ಮೂಡಣ, ಪಡುವಣ ಗೋಡೆಗಳಿಗೆ ಅರ್ಧರ್ಧ ದಿನದ ಬಿಸಿಲು ಸಿಕ್ಕೀತು, ಅಷ್ಟೇ.

ಇನ್ನು ಸೆಕೆಯ ಮಾತು. ಫಲಕಕ್ಕೆ ಬೆಳಕು ಬೇಕು, ಕಾವು ಬೇಡ. ಅದರ ಮೈ 25 ಡಿಗ್ರಿ ಸೆಲ್ಸಿಯಸ್ ದಾಟಿದ ಮೇಲೆ ಪ್ರತಿ ಡಿಗ್ರಿಗೆ ಉತ್ಪಾದನೆ ಶೇಕಡಾ 0.3ರಿಂದ 0.4ರಷ್ಟು ಇಳಿಯುತ್ತದೆ, ನಮ್ಮ ಬೇಸಿಗೆಯಲ್ಲಿ ಫಲಕದ ಮೈ 65 ಡಿಗ್ರಿ ಮುಟ್ಟಿತೆಂದರೆ ಶೇಕಡಾ 12ರಿಂದ 16ರಷ್ಟು ಹೋಯಿತೆಂದೇ ಲೆಕ್ಕ. ಬೆನ್ನಿಗೆ ಗಾಳಿಯಾಡದಂತೆ ಗೋಡೆಗೋ ಸ್ಲ್ಯಾಬಿಗೋ ಅಂಟಿಸಿಬಿಟ್ಟರೆ ಕಾವು ಇನ್ನೂ ಏರುತ್ತದೆ.

ಆದ್ದರಿಂದ ನಮ್ಮ ಸೀಮೆಯಲ್ಲಿ ಫಲಕವು ಕಟ್ಟಡದ ಭಾಗವಾಗಬೇಕಾದದ್ದು ನೆರಳಾಗಿ. ಏಪ್ರಿಲ್‌ನಲ್ಲಿ ಶಹಾಬಾದ್ ಫರ್ಸಿ ಕಲ್ಲು ಹಾಸಿದ ಅಂಗಳದಲ್ಲಿ ಬರಿಗಾಲಿನಲ್ಲಿ ನಾಲ್ಕು ಹೆಜ್ಜೆ ಇಟ್ಟವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗ್ರಂಥಾಲಯದ ಅಂಗಳಕ್ಕೆ, ಸೈಕಲ್ ನಿಲ್ಲಿಸುವ ಜಾಗಕ್ಕೆ, ಪಡಸಾಲೆಗೆ ಹೇಗೂ ತಗಡು ಹೊದಿಸುತ್ತಾರೆ. ಆ ತಗಡಿನ ಬದಲು ಫಲಕಗಳನ್ನೇ ದಕ್ಷಿಣಕ್ಕೆ ತುಸು ಓರೆಯಾಗಿ ಹೊದಿಸಿದರೆ ತಗಡಿನ ಖರ್ಚು ಉಳಿಯುತ್ತದೆ, ಬೆನ್ನಿಗೆ ಗಾಳಿಯೂ ಆಡುತ್ತದೆ. ಸಂದುಗಳಲ್ಲಿ ಮಳೆ ಸೋರದಂತೆ ನೀರು ಹರಿದುಹೋಗುವ ದೋಣಿ ಇಡಬೇಕು, ನಿಜ. ಸುಮಾರು 1,000 ಚದರ ಅಡಿಯಲ್ಲಿ 10 ಕಿಲೋವ್ಯಾಟ್ ಕೂರುತ್ತದೆ. ದಿನಕ್ಕೆ ಸರಾಸರಿ 40 ಯೂನಿಟ್ ಬರುತ್ತದೆ, ಅದೂ ಗ್ರಂಥಾಲಯದ ಫ್ಯಾನುಗಳು ತಿರುಗುವ ಹೊತ್ತಿನಲ್ಲೇ.

‘ಆಮೇಲೆ’ಯ ಫಲವನ್ನು ಕಲಬುರಗಿಯ ನಮ್ಮ ಕಚೇರಿಯಲ್ಲೇ ಉಂಡಿದ್ದೇವೆ. ಮಾಳಿಗೆ ಹಾಕಿ ಎಷ್ಟೋ ವರ್ಷಗಳ ಮೇಲೆ ಸ್ಲ್ಯಾಬಿಗೆ ತೂತು ಕೊರೆದು ಬೋಲ್ಟು ಬಿಗಿದರು. ಮೊದಲ ಮಳೆಗೇ ನೀರಿಳಿದು ಹಳೆಯ ಸಂಚಿಕೆಗಳ ಎರಡು ಕಟ್ಟು ತೊಯ್ದು ಮುದ್ದೆಯಾದವು. ವಾಸ್ತುವಿನ ಪ್ರಕಾರ ನೈಋತ್ಯದಲ್ಲಿ ಕೂತಿದ್ದ ನೀರಿನ ಟ್ಯಾಂಕಿನ ನೆರಳು ಚಳಿಗಾಲದಲ್ಲಿ ಮೂರು ಗಂಟೆಯ ಮೇಲೆ ಒಂದೇ ಒಂದು ಫಲಕದ ಮೂಲೆಗೆ ಬೀಳುತ್ತಿತ್ತು. ಸರದ ಮಣಿಗಳಂತೆ ಒಂದಕ್ಕೊಂದು ಜೋಡಿಸಿದ್ದರಿಂದ ಇಡೀ ಸಾಲಿನ ಉತ್ಪಾದನೆಗೇ ಪೆಟ್ಟು ಬಿತ್ತು. ವಾಸ್ತುಶಾಸ್ತ್ರ ಬರೆದವರು ಸೌರ ಫಲಕ ಕಂಡಿರಲಿಲ್ಲ, ಅವರನ್ನು ದೂರಿ ಫಲವಿಲ್ಲ. ಆದರೆ ತಮ್ಮೂರಿನ ನಕ್ಷೆಯಲ್ಲಿ ಟ್ಯಾಂಕನ್ನು ಉತ್ತರದ ಅಂಚಿಗೆ ಸರಿಸಲು ಈಗಲೇ ಹೇಳಿ.



ಕೊನೆಯದಾಗಿ, ಫಲಕದವರೆಗೆ ಹತ್ತಲು ಏಣಿಯಲ್ಲ, ಮೆಟ್ಟಿಲೇ ಇರಲಿ. ಮೇಲೊಂದು ನಲ್ಲಿಯೂ ಇರಲಿ. ತೊಗರಿ ರಾಶಿಯ ಕಾಲದಲ್ಲಿ ಏಳುವ ಧೂಳು ತಮಗೇ ಗೊತ್ತು. ಕೊಳವೆಬಾವಿಯ ಗಡುಸು ನೀರಿನಿಂದ ತೊಳೆದು ಹಾಗೇ ಒಣಗಲು ಬಿಟ್ಟರೆ ಗಾಜಿನ ಮೇಲೆ ಬಿಳಿ ಕಲೆ ಕಟ್ಟುತ್ತದೆ. ಬೆಳಗ್ಗೆ ತಂಪು ಹೊತ್ತಿನಲ್ಲೇ ತೊಳೆದು ಒರೆಸಲು ಒಬ್ಬರನ್ನು ಗೊತ್ತುಮಾಡಿ.

ಇತಿ,
ಸಂಪಾದಕ