ಮಲಗುವ ಕೋಣೆಯ ಕಿಟಕಿ ಸದಾ ಮುಚ್ಚಿದ್ದರೆ ಆರೋಗ್ಯಕ್ಕೆ ತೊಂದರೆಯೇ?

ಹೌದು, ತೊಂದರೆ ಇದೆ. ಮುಖ್ಯವಾಗಿ ತೇವದಿಂದ. ಉಸಿರು, ಸ್ನಾನ, ಅಡುಗೆ, ಒಳಗೇ ಒಣಹಾಕಿದ ಬಟ್ಟೆ, ಇವುಗಳ ಆವಿಗೆ ಹೊರದಾರಿ ಸಿಗದಿದ್ದರೆ ಅದು ತಣ್ಣಗಿರುವ ಗಾಜು, ಚೌಕಟ್ಟಿನ ಮೇಲೆ ನೀರಾಗಿ ಕೂರುತ್ತದೆ. ಚಳಿಯ ದಿನ ಬೆಳಿಗ್ಗೆ ಗಾಜಿನ ಕೆಳಅಂಚನ್ನು ಬೆರಳಿನಿಂದ ಮುಟ್ಟಿ ನೋಡಿ. ಒದ್ದೆಯಿದ್ದು, ರಬ್ಬರ್ ಪಟ್ಟಿಯಲ್ಲಿ ಕಪ್ಪು ಚುಕ್ಕೆಗಳಿದ್ದರೆ ಬೂಷ್ಟು ಶುರುವಾಗಿದೆ ಎಂದೇ ಅರ್ಥ. ಅಸ್ತಮಾ, ಅಲರ್ಜಿ ಇರುವವರಿಗೆ ಇದು ನಿಜಕ್ಕೂ ಕೆಟ್ಟದ್ದು. ಬರೀ ಒರೆಸಿದರೆ ಮತ್ತೆ ಬರುತ್ತದೆ; ಕೋಣೆಯ ತೇವಾಂಶ ಶೇ. 60ಕ್ಕಿಂತ ಕೆಳಗಿರಬೇಕು. ತೇವಾಂಶ ಅಳೆಯುವ ಚಿಕ್ಕ ಹೈಗ್ರೋಮೀಟರ್ ಒಂದಿದ್ದರೆ ಊಹೆ ಬೇಕಿಲ್ಲ.

ಎರಡನೆಯದು ಗಾಳಿ. ಹೊರಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಸುಮಾರು 420 ಪಿಪಿಎಂ (ಹತ್ತು ಲಕ್ಷ ಭಾಗ ಗಾಳಿಯಲ್ಲಿ 420 ಭಾಗ). ಮುಚ್ಚಿದ ಸಣ್ಣ ಕೋಣೆಯಲ್ಲಿ ಇಬ್ಬರು ಮಲಗಿದರೆ ಬೆಳಗಾಗುವಷ್ಟರಲ್ಲಿ 1,000 ಸುಲಭವಾಗಿ ದಾಟುತ್ತದೆ. ಎದ್ದಾಗಿನ ಉಸಿರುಗಟ್ಟಿದ ವಾಸನೆ, ತಲೆಭಾರಕ್ಕೆ ಇಂಥ ಹಳಸಲು ಗಾಳಿಯೂ ಕಾರಣವಿರಬಹುದು.

ಒಂದೇ ಕಿಟಕಿಯನ್ನು ದಿನವಿಡೀ ಓರೆಯಾಗಿ ತೆರೆದಿಡುವುದಕ್ಕಿಂತ ಎದುರುಬದುರಿನ ಎರಡನ್ನು 5–10 ನಿಮಿಷ ಪೂರ್ತಿ ತೆರೆಯಿರಿ, ದಿನಕ್ಕೆ 2–3 ಸಲ. ಗಾಳಿ ಬೇಗ ಬದಲಾಗುತ್ತದೆ, ಗೋಡೆಯೂ ತಣ್ಣಗಾಗುವುದಿಲ್ಲ. ಹೊರಗೆ ಹೊಗೆ, ದೂಳು ಹೆಚ್ಚಿರುವ ಹೊತ್ತು ಮಾತ್ರ ಬೇಡ.

ಸ್ಲೈಡಿಂಗ್ ಕಿಟಕಿಯಾದರೆ ಕೆಳಹಳಿಯಲ್ಲಿ ನೀರು ಹೊರಹೋಗಲು ಸಣ್ಣ ತೂತುಗಳಿರುತ್ತವೆ. ಬಹಳ ಜನ ಗಮನಿಸುವುದೇ ಇಲ್ಲ. ಮಣ್ಣು ಕಟ್ಟಿಕೊಂಡರೆ ಮಳೆನೀರು ಒಳಗೋಡೆಗೆ ಇಳಿದು ಬಣ್ಣ ಉಬ್ಬುತ್ತದೆ. ಹಳೇ ಟೂತ್‌ಬ್ರಷ್‌ನಿಂದ ಉಜ್ಜಿ, ಒಂದು ಲೋಟ ನೀರು ಸುರಿದು ಹೊರಗೆ ಹರಿಯುತ್ತದೆಯೇ ನೋಡಿ.

ಅಂದಹಾಗೆ, ಮುಚ್ಚಿದ ಗಾಜಿನ ಹಿಂದೆ ಬಿಸಿಲು ಕಾಯ್ದರೆ ವಿಟಮಿನ್ ಡಿ ಸಿಗುವುದಿಲ್ಲ. ಅದಕ್ಕೆ ಬೇಕಾದ, ಬಿಸಿಲಿನಲ್ಲಿರುವ ಯುವಿಬಿ ಎಂಬ ನೇರಳಾತೀತ ಕಿರಣವನ್ನು ಗಾಜು ಬಹುಪಾಲು ತಡೆಯುತ್ತದೆ.