ಅಡ್ವಾನ್ಸ್ ಕೊಡೋ ಮೊದಲು ಡ್ರೈನ್ ಬೋಲ್ಟ್ ಸಡಿಲಿಸಿ

ಹೊಸನಗರದ ಆ ಸೆಕೆಂಡ್‌ಹ್ಯಾಂಡ್ ಮಿನಿ ಟ್ರ್ಯಾಕ್ಟರ್ ವಿಡಿಯೊ ನೋಡಿದೆ. "ಸೆಲ್ಫ್ ಮುಟ್ಟಿದ ಕೂಡಲೇ ಸ್ಟಾರ್ಟ್, ಹೊಗೆ ಇಲ್ಲ, ಮುಂದಿನ ಟಯರ್ ಹೊಸದು, ನಾಳೆ ಅಡ್ವಾನ್ಸ್" ಅಂತ ಬರ್ದಿದೀರಿ. ಬೇಡ ಮಾರಾಯ್ರೆ. ಮೊದಲೇ ಬಿಸಿ ಮಾಡಿಟ್ಟ ಎಂಜಿನ್ ಯಾವುದಾದ್ರೂ ಹಾಗೇ ಸ್ಟಾರ್ಟ್ ಆಗುತ್ತೆ. ಬೆಳಿಗ್ಗೆ ಹೇಳದೆ ಹೋಗಿ, ಎಂಜಿನ್ ಬ್ಲಾಕ್ ಮುಟ್ಟಿ ನೋಡಿ. ತಣ್ಣಗಿದ್ರೆ ಮಾತ್ರ ಮುಂದಿನ ಮಾತು. ಸ್ಟಾರ್ಟ್ ಆದ್ಮೇಲೆ ಆಯಿಲ್ ಹಾಕೋ ಮುಚ್ಚಳ ತೆಗೀರಿ. ಹೊಗೆ ಬುಸುಬುಸು ಬಂದ್ರೆ ಪಿಸ್ಟನ್ ರಿಂಗ್ ಸವೆದು ಮುಗಿದಿದೆ.

ಆದ್ರೆ ಗದ್ದೆಯಲ್ಲಿ ದುಡಿದ ಗಾಡಿ ಹೆಚ್ಚಾಗಿ ಕೈ ಕೊಡೋದು ಎಂಜಿನ್‌ನಲ್ಲಲ್ಲ, ಗೇರ್ ಕೂತಿರೋ ಹಿಂದಿನ ಹೌಸಿಂಗ್‌ನಲ್ಲಿ. ಬಿಸಿಯಾದ ಹೌಸಿಂಗ್ ಕೆಸರು ನೀರಿಗಿಳಿದಾಗ ಒಳಗಿನ ಗಾಳಿ ಕುಗ್ಗಿ, ಸವೆದ ಸೀಲ್ ಅಂಚಲ್ಲಿ ನೀರು ಒಳಗೆಳೀತದೆ. ಗಾಳಿ ಆಡೋ ತೂತು, ಅಂದ್ರೆ ಬ್ರೀದರ್‌ಗೆ ಮಣ್ಣು ಕಟ್ಟಿದ್ರೆ ಇನ್ನೂ ಜಾಸ್ತಿ. ಗೇರ್ ಲಿವರ್ ಬುಡದ ರಬ್ಬರ್ ಬೂಟ್ ಹರಿದು, ಗಾಡಿ ಹೊರಗೆ ನಿಂತಿದ್ರೆ ನಮ್ಮ ಆಷಾಢದ ಮಳೆಯೇ ಸಾಕು.

ನೀರು ಎಣ್ಣೆಗಿಂತ ಭಾರ, ರಾತ್ರಿ ನಿಂತ ಗಾಡೀಲಿ ತಳಕ್ಕಿಳಿದಿರುತ್ತೆ. ಹೌಸಿಂಗ್ ತಳದ ಡ್ರೈನ್ ಬೋಲ್ಟ್ ಪೂರ್ತಿ ತೆಗೀದೆ ಎರಡು ಸುತ್ತು ಸಡಿಲಿಸಿ, ಗಾಜಿನ ಲೋಟಕ್ಕೆ ಅರ್ಧ ಬಿಡಿ. ಮೊದಲು ನೀರು ಬಂದ್ರೂ, ಹಾಲು ಹಾಕಿದ ಚಾ ಬಣ್ಣದ ಎಣ್ಣೆ ಬಂದ್ರೂ ಅಡ್ವಾನ್ಸ್ ಜೇಬಲ್ಲೇ ಇರ್ಲಿ. ಬಂದದ್ದನ್ನ ಬೆರಳಲ್ಲಿ ಉಜ್ಜಿ: ನುಣ್ಣನೆ ಬೂದು ಪುಡಿ ಸಹಜ, ಉಗುರಿಗೆ ಸಿಗೋ ಚೂರು ಇದ್ರೆ ಗೇರ್ ಹಲ್ಲೋ ಬೇರಿಂಗೋ ಹೋಗಿದೆ. ಸುಮಾರು ಮಿನಿಗಳಲ್ಲಿ ಗೇರಿಗೂ ಉಪಕರಣ ಎತ್ತೋ ಹೈಡ್ರಾಲಿಕ್ ಲಿಫ್ಟಿಗೂ ಒಂದೇ ಎಣ್ಣೆ, ಹಾಗಾಗಿ ನೀರು ಸೇರಿದ್ರೆ ಹೈಡ್ರಾಲಿಕ್ ಪಂಪೂ ಸವೀತದೆ. "ಮೊನ್ನೆಯಷ್ಟೇ ಆಯಿಲ್ ಬದಲಿಸಿದೀನಿ" ಅಂದ್ರೆ ಖುಷಿ ಪಡ್ಬೇಡಿ. ಹೊಸ ಎಣ್ಣೇಲಿ ಕಳ್ಳತನ ಕಾಣಲ್ಲ. ಫೋರ್‌ವೀಲ್ ಡ್ರೈವ್ ಆದ್ರೆ ಮುಂದಿನ ಆಕ್ಸಲ್‌ಗೂ ಇದೇ ಪರೀಕ್ಷೆ.

ಮಣ್ಣು ಕೊಚ್ಚೋ ರೋಟವೇಟರ್ ಎತ್ತಿ ಎಂಜಿನ್ ಆಫ್ ಮಾಡಿ. ಕಣ್ಣೆದುರೇ ಇಳಿದ್ರೆ ಸಿಲಿಂಡರ್ ಸೀಲ್ ಅಥವಾ ವಾಲ್ವ್. ಎತ್ತುವಾಗ ಬಿಕ್ಕಳಿಸಿದ್ರೆ ಪಂಪ್ ಎಣ್ಣೆ ಎಳೆಯೋ ಸಕ್ಷನ್ ಜಾಲರಿ ಕಟ್ಟಿದೆ, ಇಲ್ಲ ಗಾಳಿ ಎಳೀತಿದೆ. ಇದು ಚಿಲ್ಲರೆ ಖರ್ಚು, ಚೌಕಾಸಿಗೆ ಇಟ್ಕೊಳ್ಳಿ.

ಮುಂದಿನದು ಮಾತ್ರ ಹೊಸ ಟಯರ್ ಅಂದ್ರೆ ನನಗೆ ಅನುಮಾನವೇ. ಫೋರ್‌ವೀಲ್‌ನಲ್ಲಿ ಮುಂದಿನ, ಹಿಂದಿನ ಟಯರ್ ಅಳತೆಗೆ ಲೆಕ್ಕ ಇದೆ. ಸಿಕ್ಕ ಸೈಜ್ ಹಾಕಿದ್ರೆ ಎರಡು ಆಕ್ಸಲ್ ಒಂದನ್ನೊಂದು ಎಳೆದಾಡಿ ಮುಂದಿನ ಗೇರ್ ತಿಂದು ಹಾಕ್ತವೆ. ಮ್ಯಾನುಯಲ್ ತೆಗೆದು ನಂಬರ್ ತಾಳೆ ನೋಡಿ.

ಬ್ರ್ಯಾಂಡ್ ಕೇಳಿದೀರಿ. ಮಹೀಂದ್ರಾ ಯುವರಾಜ್ 215 ಸಿಂಗಲ್ ಸಿಲಿಂಡರ್, 15 ಎಚ್‌ಪಿ. ನಡುಕ ಅದರ ಹುಟ್ಟುಗುಣ, ದೋಷ ಅಲ್ಲ, ಬೋಲ್ಟ್ ಮಾತ್ರ ಆಗಾಗ ಬಿಗೀಬೇಕು. ಇಳಿಜಾರಲ್ಲಿ ಗೊಬ್ಬರದ ಟ್ರೇಲರ್ ಎಳೀಬೇಕಾದ್ರೆ ನನ್ನ ಓಟು ಮೂರು ಸಿಲಿಂಡರ್ ಫೋರ್‌ವೀಲ್‌ಗೆ. ಯಾವುದೇ ಇರ್ಲಿ, ಎಡ ಬಲ ಬ್ರೇಕ್ ಬೇರೆಬೇರೆ ತುಳಿದು ನೋಡಿ. ಒಂದು ಕಡೆ ಮಾತ್ರ ಹಿಡಿಯೋ ಗಾಡಿ ಲೋಡಲ್ಲಿ ಅಡ್ಡ ತಿರುಗುತ್ತೆ.

ಹೊಸ ಪೇಂಟ್ ಇದೆಯಲ್ಲ, ಚಾಸಿ ನಂಬರ್ ಮೇಲಿನ ಪೇಂಟ್ ಉಜ್ಜಿ ತೆಗೆದು, ಆರ್‌ಸಿ ಜೊತೆ ತಾಳೆ ಹಾಕಿ. ಸಾಲ ತೀರಿದ್ರೂ ತೆಗೆಸದೇ ಇದ್ರೆ ಆರ್‌ಸಿಯಲ್ಲಿ ಬ್ಯಾಂಕ್ ಹೆಸರು ಉಳಿದಿರುತ್ತೆ. ಸಾಲದ ಹಕ್ಕು ಮುಗಿದಿದೆ ಅನ್ನೋ ಬ್ಯಾಂಕ್ ಸಹಿಯ ಫಾರಂ 35, ಎನ್‌ಒಸಿ, ಜೊತೆಗೆ ಹೆಸರು ವರ್ಗಾವಣೆಯ ಫಾರಂ 29, 30 ಕೈಗೆ ಬಾರದೆ ಪೂರ್ತಿ ದುಡ್ಡು ಬೇಡ.

ಇನ್ನೊಂದು, ಅಡಿಕೆ ಸಾಲಲ್ಲಿ ರೋಟವೇಟರ್ ಹೊಡೀತೀನಿ ಅಂದ್ರಲ್ಲ, ದಯವಿಟ್ಟು ಬೇಡ. ಬೇರು ಮೇಲುಮೇಲೇ ಇರೋದು, ಕತ್ತರಿಸಿ ಹಾಕ್ತೀರಿ. ಕಳೆಗೆ ಕಟರ್ ಇದೆ. ಎರಡು ಸಾಲಿಗೊಂದು ಬಸಿಗಾಲುವೆ ಇರೋ ತೋಟ ನಿಮ್ಮದಾದ್ರೆ ಟ್ರ್ಯಾಕ್ಟರ್ ಒಳಗೆ ತಿರುಗೋದೇ ಕಷ್ಟ. ಪವರ್ ಟಿಲ್ಲರ್‌ಗೆ ಟ್ರೇಲರ್ ಕಟ್ಟಿಕೊಳ್ಳಿ, ಸಾಕು.