ಕೊಡಗಿನ ಕಿತ್ತಳೆ ಬಾಕ್ಸಿನ ಮೇಲೆ ಕ್ಯೂಆರ್ ಕೋಡ್ ಇದ್ದರೆ ಅದು ಕೊಡಗಿನದೇ ಹಣ್ಣು ಎಂದು ನಂಬಬಹುದೇ?

ಬರೀ ಕೋಡ್ ನೋಡಿ ನಂಬಬೇಡಿ. ಸ್ಟಿಕ್ಕರನ್ನು ನಾಗಪುರದ ಹಣ್ಣಿಗೂ ಅಂಟಿಸಬಹುದು! ನೋಡಬೇಕಾದ್ದು ಅದರ ಹಿಂದಿನ ದಾಖಲೆ.

ಮೊದಲು ತೋಟದ ನೋಂದಣಿ, ಜಿಪಿಎಸ್ ಗುರುತು. ಕೊಯ್ದ ದಿನವೇ ಕ್ರೇಟುಗಳಿಗೆ ಲಾಟ್ ನಂಬರ್: ಯಾವ ತೋಟ, ಎಷ್ಟು ಕೆಜಿ, ಕೊನೆಯ ಬಾರಿ ಯಾವ ಔಷಧಿ ಹೊಡೆದದ್ದು. ಆಮೇಲೆ ಹಣ್ಣು ಕೈ ಬದಲಾದಾಗೆಲ್ಲ ಅದೇ ನಂಬರಿಗೆ ಹೊಸ ನಮೂದು. ಮೋಸ ಸಿಕ್ಕಿಬೀಳುವುದು ಹೆಚ್ಚಾಗಿ ತೂಕದಲ್ಲಿ. ಐವತ್ತು ಗಿಡದ ತೋಟದ ಹೆಸರಲ್ಲಿ ಲಾರಿಗಟ್ಟಲೆ ಹಣ್ಣು ಹೋದರೆ ಲೆಕ್ಕವೇ ಹೇಳುತ್ತದೆ.

ದ್ರಾಕ್ಷಿ ರಫ್ತಿಗೆ ಕೇಂದ್ರದ ಕೃಷಿ ರಫ್ತು ಪ್ರಾಧಿಕಾರವಾದ ಅಪೆಡಾ 2006ರಲ್ಲೇ ಇಂಥದೇ ಆನ್‌ಲೈನ್ ದಾಖಲೆ ವ್ಯವಸ್ಥೆ ಗ್ರೇಪ್‌ನೆಟ್ ತಂದಿತು. ಕೀಟನಾಶಕದ ಶೇಷ ಹೆಚ್ಚು ಕಂಡರೆ ಯಾವ ತೋಟದ್ದೆಂದು ಹಿಂದಕ್ಕೆ ಹುಡುಕಬಹುದು.

ನಮ್ಮಲ್ಲಿ ತೊಡಕು ಬೇರೆ. ಕಿತ್ತಳೆ ಕಾಫಿಯ ನಡುವಿನ ಮಿಶ್ರಬೆಳೆ, ಗಿಡ ಚದುರಿರುತ್ತದೆ. ಹಣ್ಣು ಮರದಲ್ಲಿರುವಾಗಲೇ ವ್ಯಾಪಾರಿಗೆ ಕೊಟ್ಟುಬಿಟ್ಟರೆ ದಾಖಲೆ ಇಡುವವರು ಯಾರು? ನಾಲ್ಕು ತೋಟದ ಹಣ್ಣು ಒಂದೇ ಜೀಪಿನಲ್ಲಿ ಬೆರೆತರೆ, ತಿದ್ದಲು ಕಷ್ಟವಾದ ಡಿಜಿಟಲ್ ಲೆಕ್ಕಪುಸ್ತಕವಾದ ಬ್ಲಾಕ್‌ಚೈನ್ ತಂದರೂ ಬೇರ್ಪಡಿಸಲಾಗದು. ಊರಿನ ಹೆಸರಿಗೆ ಕಾನೂನು ರಕ್ಷಣೆ ಕೊಡುವ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಇರುವ ಈ ಹಣ್ಣಿಗೆ ನನ್ನ ಸಲಹೆ: ಕ್ರೇಟು ತೋಟದಲ್ಲೇ ತುಂಬಿ, ಅಲ್ಲೇ ತೂಗಿ, ನೆಟ್‌ವರ್ಕ್ ಇಲ್ಲದೆಯೂ ನಡೆಯುವ ಆಪ್‌ನಲ್ಲಿ ಬರೆದಿಡಿ.